ಧೂಳೋ, ಹೊಗೆಯೋ? ಉಪಗ್ರಹದ ಸಾಕ್ಷ್ಯದಿಂದ ತೇಲುಕಣಗಳ ಗುರುತಿಸುವಿಕೆ

ಕಬ್ಬು ನುರಿಸುವ ಹಂಗಾಮಿನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಆಕಾಶ ಮಬ್ಬಾಗುತ್ತದೆ. ಹೊಲದಲ್ಲಿ ಸುಡುವ ರವದಿ, ಕಾರ್ಖಾನೆಯ ಚಿಮಣಿ, ಟ್ರ್ಯಾಕ್ಟರ್ ಎಬ್ಬಿಸುವ ಧೂಳು ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. 10ನೇ ತರಗತಿಯಲ್ಲಿ ಬೆಳಕಿನ ಚದುರುವಿಕೆಯನ್ನು ಬೋಧಿಸಲು ಇದು ನಮ್ಮೂರಿನದೇ ಉದಾಹರಣೆ. ವಿದ್ಯಾರ್ಥಿಗಳಿಗೆ ಮೊದಲು ಸ್ಪಷ್ಟಪಡಿಸಬೇಕಾದದ್ದು ಇಷ್ಟು: ಉಪಗ್ರಹ ಕಣವನ್ನು ನೋಡುವುದಿಲ್ಲ, ಕಣದಿಂದ ಬದಲಾದ ಬೆಳಕನ್ನು ಅಳೆಯುತ್ತದೆ. ಕಣದ ಬಗೆ ನಾವು ಮಾಡುವ ತೀರ್ಮಾನ. ಅದಕ್ಕೆ ಮೂರು ಪ್ರಶ್ನೆಗಳು ಬೇಕು.

1. ಗಾತ್ರ ಎಷ್ಟು?
ಟೆರಾ (1999) ಮತ್ತು ಆಕ್ವಾ (2002) ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣದ ದತ್ತಾಂಶದಿಂದ, ಗಾಳಿಯಲ್ಲಿನ ಕಣಗಳು ಬೇರೆ ಬೇರೆ ಬಣ್ಣದ ಬೆಳಕನ್ನು ಎಷ್ಟು ತಡೆದವು ಎಂಬುದನ್ನು ಲೆಕ್ಕ ಹಾಕುತ್ತಾರೆ. ಹೊಗೆಯ ಸಣ್ಣ ಕಣಗಳು ಕೆಂಪಿಗಿಂತ ನೀಲಿಯನ್ನು ಹೆಚ್ಚು ತಡೆಯುತ್ತವೆ. ಧೂಳಿನ ದೊಡ್ಡ ಕಣಗಳು ಎರಡನ್ನೂ ಹೆಚ್ಚುಕಡಿಮೆ ಸಮನಾಗಿ ತಡೆಯುತ್ತವೆ.

ಕಪ್ಪುಹಲಗೆಗೆ ಒಂದು ಕಾಲ್ಪನಿಕ ಲೆಕ್ಕ: ನೀಲಿಯಲ್ಲಿ (470 ನ್ಯಾನೋಮೀಟರ್) 0.60, ಕೆಂಪಿನಲ್ಲಿ (660) 0.36 ಇದ್ದರೆ ಅನುಪಾತ 1.67. ಕೆಂಪಿನಲ್ಲಿ 0.54 ಇದ್ದರೆ ಅನುಪಾತ 1.11. ಮೊದಲನೆಯದು ಸಣ್ಣ ಕಣ, ಎರಡನೆಯದು ದೊಡ್ಡ ಕಣ. ಇದನ್ನೇ ಆಂಗ್‌ಸ್ಟ್ರಾಮ್ 1929ರಲ್ಲಿ ಘಾತಾಂಕವಾಗಿ ಬರೆದರು. ಇಲ್ಲಿ ಅದರ ಬೆಲೆ ಸುಮಾರು 1.5 ಮತ್ತು 0.3. ತರಗತಿಗೆ ಅನುಪಾತವೇ ಸಾಕು.

2. ಅತಿನೇರಳೆಯನ್ನು ಹೀರುತ್ತದೆಯೇ?
ಔರಾ ಉಪಗ್ರಹದ (2004) ಓಮಿ ಉಪಕರಣ ಇದನ್ನು ಪರೀಕ್ಷಿಸುತ್ತದೆ. ಹೊಗೆ ಮತ್ತು ಧೂಳು ಎರಡೂ ಹೀರುತ್ತವೆ. ಆದ್ದರಿಂದ ಈ ಒಂದು ಪ್ರಶ್ನೆಯಿಂದ ಅವೆರಡನ್ನು ಬೇರ್ಪಡಿಸಲಾಗದು.

3. ಆಕಾರ ಹೇಗಿದೆ?
ಕ್ಯಾಲಿಪ್ಸೊ ಉಪಗ್ರಹ (2006–2023) ಒಂದೇ ದಿಕ್ಕಿನಲ್ಲಿ ಕಂಪಿಸುವ ಲೇಸರ್ ಬೆಳಕನ್ನು ಕೆಳಗೆ ಕಳಿಸುತ್ತಿತ್ತು. ಅಂಕುಡೊಂಕಾದ ಧೂಳಿನ ಕಣ ಆ ದಿಕ್ಕನ್ನು ಕೆಡಿಸಿ ಹಿಂದಿರುಗಿಸುತ್ತದೆ. ದುಂಡು ಕಣ ಹೆಚ್ಚು ಕೆಡಿಸುವುದಿಲ್ಲ.

ಉತ್ತರಗಳನ್ನು ಜೋಡಿಸಿದಾಗ:
• ಧೂಳು – ದೊಡ್ಡದು, ಹೀರುತ್ತದೆ, ಅಂಕುಡೊಂಕು
• ಹೊಗೆ – ಸಣ್ಣದು, ಹೀರುತ್ತದೆ, ಬಹುತೇಕ ದುಂಡು
• ಸಲ್ಫೇಟ್ – ಸಣ್ಣದು, ಹೀರುವುದಿಲ್ಲ, ದುಂಡು
• ಕಡಲ ಉಪ್ಪು – ದೊಡ್ಡದು, ಹೀರುವುದಿಲ್ಲ, ತೇವದ ಗಾಳಿಯಲ್ಲಿ ದುಂಡು

ತರಗತಿ ಚಟುವಟಿಕೆ
ಎರಡು ಗಾಜಿನ ಬಾಟಲಿಗಳಲ್ಲಿ ಒಂದಕ್ಕೆ ಊದಿನಕಡ್ಡಿಯ ಹೊಗೆ, ಇನ್ನೊಂದಕ್ಕೆ ಚಾಕ್‌ಪುಡಿ ತುಂಬಿ. ಹಿಂದೆ ಕಪ್ಪು ಕಾಗದ ಹಿಡಿದು ಪಕ್ಕದಿಂದ ಟಾರ್ಚ್ ಬಿಡಿ. ಹೊಗೆ ತುಸು ನೀಲಿಯಾಗಿ, ಚಾಕ್‌ಪುಡಿ ಬಿಳಿಯಾಗಿ ಕಾಣುತ್ತದೆ. ನಂತರ ಗುಂಪುಗಳಿಗೆ ಮೂರು ಉತ್ತರಗಳಿರುವ ಚೀಟಿ ಕೊಟ್ಟು ಕಣವನ್ನು ಗುರುತಿಸಲು ಹೇಳಿ. ಒಂದು ಗುಂಪಿಗೆ ಬೇಕೆಂದೇ ಎರಡೇ ಉತ್ತರ ಕೊಡಿ: ‘ಹೀರುತ್ತದೆ, ಆಕಾರ ತಿಳಿಯದು’. ‘ಹೇಳಲಾಗದು’ ಎಂಬುದೂ ಸರಿಯುತ್ತರವೆಂದು ಅಲ್ಲಿ ಕಲಿಯುತ್ತಾರೆ.

ಮಿತಿಗಳು
ಮಳೆಗಾಲದ ಮೋಡ ನೋಟವನ್ನು ಮುಚ್ಚುತ್ತದೆ. ಮಧ್ಯಾಹ್ನ ಹಾದುಹೋದ ಉಪಗ್ರಹಕ್ಕೆ ಸಂಜೆ ಹಚ್ಚಿದ ಬೆಂಕಿ ಕಾಣದು. ನೆಲದ ಹೊಳಪು ಗಾತ್ರದ ಲೆಕ್ಕವನ್ನು ಕೆಡಿಸಬಹುದು. ಮಾಳಿಗೆ ಮೇಲೆ ಬೀಳುವ ಕರಿಬೂದಿಯ ಚೂರುಗಳು ಬೇಗ ಕೆಳಗಿಳಿಯುತ್ತವೆ; ಶ್ವಾಸಕೋಶದ ಆಳಕ್ಕಿಳಿಯುವುದು ಕಣ್ಣಿಗೆ ಕಾಣದ ಸಣ್ಣ ಕಣ.

ಶಿಕ್ಷಕರ ಗಮನಕ್ಕೆ
ರವದಿ ಸುಡುವವರ ಮಕ್ಕಳೂ, ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳೂ ಅದೇ ಬೆಂಚಿನಲ್ಲಿರುತ್ತಾರೆ. ‘ತಪ್ಪು ಯಾರದು?’ ಎಂದು ಆರಂಭಿಸಿದರೆ ಪಾಠ ಜಗಳವಾಗುತ್ತದೆ. ‘ಕಣ ಯಾವುದು, ಸಾಕ್ಷ್ಯವೇನು?’ ಎಂದು ಆರಂಭಿಸಿದರೆ ಪರಿಹಾರದತ್ತ ಸಾಗುತ್ತದೆ: ಧೂಳಾದರೆ ರಸ್ತೆಗೆ ನೀರು, ಹೊಗೆಯಾದರೆ ರವದಿಯನ್ನು ಸುಡದೆ ಹೊಲಕ್ಕೇ ಹೊದಿಕೆಯಾಗಿ ಹಾಸುವುದು.

ಮೌಲ್ಯಮಾಪನ ಪ್ರಶ್ನೆ: ಹೊಗೆ ಮತ್ತು ಧೂಳನ್ನು ಬೇರ್ಪಡಿಸಲು ಅತಿನೇರಳೆ ಹೀರಿಕೆಯೊಂದೇ ಏಕೆ ಸಾಲದು?