ನಂಜು ಏರಿದಾಗ ರಕ್ತ ಹೇಳುವ ಲೆಕ್ಕ



ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ. "ಸಾರ್, ಅಮ್ಮಿಗೆ ಪ್ಲೇಟ್‌ಲೆಟ್ ಎಂಬತ್ತು ಸಾವಿರಕ್ಕೆ ಇಳಿದಿದೆ. ಡೆಂಗಿ ಇರಬೇಕು. ಪಪ್ಪಾಯಿ ಎಲೆಯ ರಸ ಕೊಡಲೇ?" ಎಂದು ಕೇಳಿದ. ಆಕೆಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಹದಿನೈದು ದಿನದಿಂದ ಮಾಗಿರಲಿಲ್ಲ. ಮೂರು ದಿನದಿಂದ ಜ್ವರ, ಅಂದು ಸಂಜೆಯಿಂದ ಮಾತು ಅಸಂಬದ್ಧ, ಉಸಿರು ವೇಗ. ನಾನು ವೈದ್ಯನಲ್ಲ, ವಿಜ್ಞಾನ ಪಾಠ ಮಾಡಿದವನು ಅಷ್ಟೇ. ಆದರೂ, "ರಸದ ಮಾತು ಬಿಡಪ್ಪಾ, ಈಗಲೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು" ಎಂದೆ. ಅದು ಸೆಪ್ಸಿಸ್ ಆಗಿತ್ತು. ಎರಡು ಬೆರಳು ಹೋದವು, ಜೀವ ಉಳಿಯಿತು.

ಆಮೇಲೆ ಅವನು ಬಿಲ್ಲುಗಳ ಫೈಲು ಹಿಡಿದು ಬಂದ. "ಒಂದೇ ರಕ್ತಪರೀಕ್ಷೆಯನ್ನು ದಿನಾ ಯಾಕೆ ಮಾಡಿದರು ಸಾರ್? ಇದು ಬೇಕಿತ್ತಾ?" ಎಂಬುದು ಅವನ ಪ್ರಶ್ನೆ. ವೈದ್ಯಕೀಯ ಖರ್ಚಿಗೆ ನೆರವಾಗುವವರೂ ಇದನ್ನೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಸೆಪ್ಸಿಸ್ ಎಂದರೇನು?

ಗಾಯ, ಶ್ವಾಸಕೋಶ, ಮೂತ್ರಕೋಶ, ಹೊಟ್ಟೆ ಹೀಗೆ ಎಲ್ಲಿಯಾದರೂ ಸೋಂಕು ತಗಲಿದರೆ ದೇಹ ಅದರ ವಿರುದ್ಧ ಹೋರಾಡುತ್ತದೆ. ಆ ಹೋರಾಟವೇ ಹದ ತಪ್ಪಿ ತನ್ನದೇ ಅಂಗಗಳನ್ನು ಕೆಡಿಸತೊಡಗಿದರೆ ಅದು ಸೆಪ್ಸಿಸ್. ನಮ್ಮ ಹಿರಿಯರು 'ನಂಜು ಏರಿತು' ಎನ್ನುತ್ತಿದ್ದುದು ಬಹುಮಟ್ಟಿಗೆ ಇದನ್ನೇ. 2020ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ, 2017ರ ಒಂದೇ ವರ್ಷದಲ್ಲಿ 4.89 ಕೋಟಿ ಜನರಿಗೆ ಸೆಪ್ಸಿಸ್ ಆಗಿ, 1.1 ಕೋಟಿ ಜನ ತೀರಿಕೊಂಡರು. ಅಂದರೆ ಜಗತ್ತಿನ ಐದು ಸಾವುಗಳಲ್ಲಿ ಸುಮಾರು ಒಂದು.

ರಕ್ತ ಏಕೆ ಹೆಪ್ಪುಗಟ್ಟುತ್ತದೆ?

ಕೈ ಕುಯ್ದರೆ ರಕ್ತ ಹೆಪ್ಪುಗಟ್ಟಿ ನಿಲ್ಲುವುದು ನಮಗೆ ಗೊತ್ತು. ಸೋಂಕು ಬಂದಾಗಲೂ ದೇಹ ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿ ರೋಗಾಣುಗಳನ್ನು ಅಲ್ಲೇ ತಡೆಯಲು ನೋಡುತ್ತದೆ. ಒಂದು ಪಾತ್ರೆಯ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ, ಒಳ್ಳೆಯದೇ. ಮನೆಯ ಹಾಲಿಗೆಲ್ಲ ಹೆಪ್ಪು ಬಿದ್ದರೆ? ಸೆಪ್ಸಿಸ್‌ನಲ್ಲಿ ಆಗುವುದು ಹಾಗೆಯೇ. ಕಿಡ್ನಿ, ಶ್ವಾಸಕೋಶ, ಬೆರಳ ತುದಿಗಳ ಸೂಕ್ಷ್ಮ ನಾಳಗಳು ಮುಚ್ಚಿಕೊಳ್ಳುತ್ತವೆ. ಅದೇ ಹೊತ್ತಿಗೆ ಹೆಪ್ಪನ್ನು ಹತೋಟಿಯಲ್ಲಿಡುವ ಆಂಟಿಥ್ರಾಂಬಿನ್, ಪ್ರೋಟೀನ್ ಸಿ ಎಂಬ ವಸ್ತುಗಳು ಕಡಿಮೆಯಾಗುತ್ತವೆ. ಕೊನೆಗೆ ಹೆಪ್ಪುಗಟ್ಟಲು ಬೇಕಾದ ಸಾಮಗ್ರಿಯೇ ಖರ್ಚಾಗಿ, ಒಂದು ಕಡೆ ಹೆಪ್ಪು, ಇನ್ನೊಂದು ಕಡೆ ರಕ್ತಸ್ರಾವ ಎರಡೂ ಆಗಬಹುದು. ಈ ಸ್ಥಿತಿಗೆ ವೈದ್ಯರು 'ಡಿಐಸಿ' ಎನ್ನುತ್ತಾರೆ.

ಆ ನಾಲ್ಕು ಪರೀಕ್ಷೆಗಳು

1. ಪ್ಲೇಟ್‌ಲೆಟ್ ಎಣಿಕೆ: ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ. ಸೆಪ್ಸಿಸ್‌ನಲ್ಲಿ ಹೆಪ್ಪಿಗೆ ಬಳಕೆಯಾಗಿ ಇಳಿಯುತ್ತದೆ. ಪ್ಲೇಟ್‌ಲೆಟ್ ಇಳಿದ ಮಾತ್ರಕ್ಕೆ ಡೆಂಗಿ ಎಂದುಕೊಳ್ಳಬಾರದು.

2. ಪಿಟಿ, ಐಎನ್‌ಆರ್: ರಕ್ತದ ದ್ರವಭಾಗ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕು ಎಂಬ ಲೆಕ್ಕ. ಸಾಮಗ್ರಿ ಕಡಿಮೆಯಾದಂತೆ ಹೊತ್ತು ಹೆಚ್ಚುತ್ತದೆ.

3. ಡಿ-ಡೈಮರ್: ಕಟ್ಟಿದ ಹೆಪ್ಪು ಕರಗಿದಾಗ ಉಳಿಯುವ ಚೂರು. ಹೆಚ್ಚಿದ್ದರೆ ಒಳಗೆಲ್ಲೋ ಹೆಪ್ಪು ಕಟ್ಟಿ ಕರಗುತ್ತಿದೆ ಎಂದರ್ಥ. ಆದರೆ ಗರ್ಭಿಣಿಯರಲ್ಲಿ, ವಯಸ್ಸಾದವರಲ್ಲಿ, ಶಸ್ತ್ರಚಿಕಿತ್ಸೆಯ ನಂತರವೂ ಇದು ಏರುವುದರಿಂದ ಒಂದನ್ನೇ ನಂಬುವಂತಿಲ್ಲ.

4. ಫೈಬ್ರಿನೋಜನ್: ಹೆಪ್ಪಿನ ಎಳೆಗಳ ಕಚ್ಚಾ ವಸ್ತು. ಸೋಂಕಿನಲ್ಲಿ ಮೊದಲು ಏರುವುದೂ ಉಂಟು. ಕುಸಿದರೆ ಸ್ಥಿತಿ ಗಂಭೀರ.

ಪರೀಕ್ಷೆಯಲ್ಲಿ ಅಂಕ ಕೊಡುವಂತೆ ಇವಕ್ಕೂ ಅಂಕ ಉಂಟು. 2001ರಲ್ಲಿ ಅಂತರರಾಷ್ಟ್ರೀಯ ತಜ್ಞರು ರೂಪಿಸಿದ ಪಟ್ಟಿಯಲ್ಲಿ ಪ್ಲೇಟ್‌ಲೆಟ್ 50 ಸಾವಿರದಿಂದ 1 ಲಕ್ಷದ ನಡುವೆ ಇದ್ದರೆ 1, 50 ಸಾವಿರಕ್ಕಿಂತ ಕಡಿಮೆಯಾದರೆ 2. ಉಳಿದ ಮೂರಕ್ಕೂ ಹೀಗೆಯೇ ಅಂಕಗಳಿವೆ. ಒಟ್ಟು 5 ಅಥವಾ ಹೆಚ್ಚಾದರೆ ಡಿಐಸಿ. ನಮ್ಮ ಮಕ್ಕಳ ಪರೀಕ್ಷೆಗೆ ತದ್ವಿರುದ್ಧ: ಇಲ್ಲಿ ಅಂಕ ಏರಿದಷ್ಟೂ ಅಪಾಯ. ಡಿಐಸಿ ಆದ ಸೆಪ್ಸಿಸ್ ರೋಗಿಗಳಲ್ಲಿ ಸಾವು ಹೆಚ್ಚು. ಅದನ್ನು ಇನ್ನೂ ಬೇಗ ಗುರುತಿಸಲೆಂದು 2017ರಲ್ಲಿ ಪ್ಲೇಟ್‌ಲೆಟ್, ಐಎನ್‌ಆರ್ ಮತ್ತು ಅಂಗಗಳ ಸ್ಥಿತಿ ಈ ಮೂರನ್ನೇ ನೋಡುವ ಸರಳ ಪಟ್ಟಿಯೂ ಬಂತು.

ದಿನಾ ಪರೀಕ್ಷೆ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಒಂದು ದಿನದ ಅಂಕಿ ಒಂದು ಫೋಟೋ ಇದ್ದಂತೆ. ರೋಗಿ ಯಾವ ಕಡೆಗೆ ಹೋಗುತ್ತಿದ್ದಾರೆ ಎಂಬುದು ಅದರಲ್ಲಿ ಕಾಣದು. ಚಿಕಿತ್ಸೆ ಶುರುವಾದ ಮೇಲೆ ಪ್ಲೇಟ್‌ಲೆಟ್ ಮೇಲೇರುತ್ತಿದ್ದರೆ ಸಮಾಧಾನ. ದಿನಗಳು ಕಳೆದರೂ ಏರದಿದ್ದರೆ ವೈದ್ಯರು ಎಚ್ಚರಗೊಳ್ಳುತ್ತಾರೆ: ಎಲ್ಲಾದರೂ ಕೀವು ಉಳಿದಿದೆಯೇ, ಔಷಧ ಬದಲಿಸಬೇಕೇ ಎಂದು ಹುಡುಕುತ್ತಾರೆ.

ಅಂಕಿ ಸರಿಪಡಿಸಿದರೆ ಸಾಕೆ?

ಸಾಲದು. 2001ರಲ್ಲಿ ಸುಮಾರು 1,690 ರೋಗಿಗಳ ಅಧ್ಯಯನವೊಂದರಲ್ಲಿ ಪ್ರೋಟೀನ್ ಸಿ ಆಧಾರದ ಔಷಧದಿಂದ ಸಾವು ಕಡಿಮೆಯಾದಂತೆ ಕಂಡಿತು. ದುಬಾರಿ ಔಷಧ, ಜಗತ್ತೆಲ್ಲ ಬಳಸಿತು. ಮತ್ತೆ ಪರೀಕ್ಷಿಸಿದಾಗ ಲಾಭ ಕಾಣಲಿಲ್ಲ. 2011ರಲ್ಲಿ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಆಂಟಿಥ್ರಾಂಬಿನ್ ಕೊಟ್ಟು ನೋಡಿದ ದೊಡ್ಡ ಅಧ್ಯಯನದಲ್ಲೂ ಜೀವ ಉಳಿಯುವುದು ಹೆಚ್ಚಲಿಲ್ಲ. ಬೆಂಕಿ ಆರಿಸದೆ ಹೊಗೆ ಓಡಿಸಿದರೆ ಏನು ಪ್ರಯೋಜನ? ಸೋಂಕಿಗೆ ಬೇಗ ಆಂಟಿಬಯೋಟಿಕ್, ಕೀವು ತೆಗೆಯುವುದು, ಡ್ರಿಪ್, ರಕ್ತದೊತ್ತಡ ಕಾಯುವುದು ಇವೇ ಮೂಲ ಚಿಕಿತ್ಸೆ. ಆದ್ದರಿಂದ "ಪ್ಲೇಟ್‌ಲೆಟ್ ಹಾಕಿಸಿ" ಎಂದು ವೈದ್ಯರನ್ನು ಒತ್ತಾಯಿಸಬೇಡಿ. ರಕ್ತಸ್ರಾವ ಅಥವಾ ಅದರ ಅಪಾಯ ನೋಡಿ ಅವರೇ ನಿರ್ಧರಿಸುತ್ತಾರೆ.

ಮನೆಯವರು ನೆನಪಿಡಬೇಕಾದದ್ದು

ಸೋಂಕು ಅಥವಾ ಜ್ವರ ಇರುವವರಲ್ಲಿ ಗೊಂದಲದ ಮಾತು, ವೇಗದ ಉಸಿರು, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು, ವಿಪರೀತ ಸುಸ್ತು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರು, ಬಾಣಂತಿಯರು, ಹಸುಳೆಗಳು, ವೃದ್ಧರ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಳೆಯ ವರದಿಗಳನ್ನು ತಾರೀಖಿನಂತೆ ಜೋಡಿಸಿ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಅದು ಪಿಟಿ ಅಂಕಿಯನ್ನು ಬದಲಿಸುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಹೆಪ್ಪುಗಟ್ಟುವ ಪರೀಕ್ಷೆಯ ರಕ್ತವನ್ನು ನೀಲಿ ಮುಚ್ಚಳದ ಕೊಳವೆಯಲ್ಲಿ ಗೆರೆಯವರೆಗೆ ಸರಿಯಾಗಿ ತುಂಬಬೇಕು. ಕಡಿಮೆಯಾದರೆ ಉತ್ತರವೇ ತಪ್ಪುತ್ತದೆ. ಆ ಗೆರೆಯನ್ನು ಗಮನಿಸುವವರು ಲ್ಯಾಬ್ ಟೆಕ್ನಿಷಿಯನ್‌ಗಳು. ಡಾಕ್ಟರ್ ಸೀಟು ಸಿಗಲಿಲ್ಲ ಎಂದು ಕೊರಗುವ ಮಕ್ಕಳು ಈ ಓದನ್ನೂ ಯೋಚಿಸಬಹುದು. ಅಂದು ರಾತ್ರಿ ಆ ತಾಯಿಯ ಜೀವ ಉಳಿಯುವುದರಲ್ಲಿ ಹೆಸರು ಗೊತ್ತಿಲ್ಲದ ಅಂಥವರೊಬ್ಬರ ಪಾಲೂ ಇತ್ತು.