ಹಳೆಯ ಚದುರಂಗ ಪುಸ್ತಕಕ್ಕೆ ಗಣಕದ ಜೊತೆ



ಸಕಲೇಶಪುರ, ಆಲೂರು ಸೀಮೆಯಲ್ಲಿ ಜೂನ್ ತಿಂಗಳಿನಲ್ಲಿ ಮಳೆ ಹಿಡಿಯಿತೆಂದರೆ ಮೈದಾನದ ಆಟಗಳೆಲ್ಲ ನಿಂತುಹೋಗುತ್ತವೆ. ಚದುರಂಗಕ್ಕೆ ಅದೇ ಸುಗ್ಗಿ. ಆದರೆ ಹಾನುಬಾಳು, ಯಸಳೂರಿನಂಥ ಕಡೆ ಆಟ ಕಲಿಸುವ ಗುರುಗಳು ಸುಲಭವಾಗಿ ಸಿಗುವುದಿಲ್ಲ. ಗ್ರಂಥಾಲಯದಲ್ಲೋ ಮನೆಯ ಅಟ್ಟದಲ್ಲೋ ಒಂದು ಹಳೆಯ ಇಂಗ್ಲಿಷ್ ಚದುರಂಗ ಪುಸ್ತಕ ದೊರೆತರೆ, ಗಣಕದ ನೆರವಿನಿಂದ ಅದನ್ನೇ ಗುರುವಾಗಿಸಿಕೊಳ್ಳಬಹುದು.

ಬರೆದಿಟ್ಟ ನಡೆ ಅಳಿಯುವುದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯು 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟುವ ಬಂಧಗಳನ್ನು ರಚಿಸಿದ್ದರು. ಅವು ಬರಹದಲ್ಲಿ ಉಳಿದದ್ದರಿಂದಲೇ ಇಂದೂ ನಾವು ಹಲಗೆಯ ಮೇಲೆ ಅವನ್ನು ನಡೆಸಿ ನೋಡಬಹುದು.

ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಮೊದಲ ತೊಡಕು ಬರಹದ ಕ್ರಮ. ಅಲ್ಲಿ ‘ಪಿ-ಕೆ4’ ಎಂದಿರುತ್ತದೆ. ಅಂದರೆ ರಾಜನ ಸಾಲಿನ ನಾಲ್ಕನೆಯ ಮನೆಗೆ ಕಾಲಾಳು. ಪ್ರತಿಯೊಬ್ಬ ಆಟಗಾರನೂ ತನ್ನ ಕಡೆಯಿಂದಲೇ ಮನೆ ಎಣಿಸುವುದರಿಂದ, ಬಿಳಿಯ ‘ಪಿ-ಕೆ4’ ಇಂದಿನ ಇ4, ಕಪ್ಪಿನದು ಇ5. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ 1981ರಿಂದ ಈ ಹಳೆಯ ಕ್ರಮವನ್ನು ಮಾನ್ಯ ಮಾಡುತ್ತಿಲ್ಲ. ನೀವು ಪುಸ್ತಕ ಓದುತ್ತ ಮೌಸ್‌ನಿಂದ ಕಾಯಿ ಸರಿಸಿದರೆ ಸಾಕು, ಹೊಸ ಕ್ರಮದ ಬರಹವನ್ನು ತಂತ್ರಾಂಶವೇ ಮಾಡಿಕೊಳ್ಳುತ್ತದೆ. ನಿಯಮಕ್ಕೆ ಹೊಂದದ ನಡೆಯನ್ನು ಅದು ಒಪ್ಪುವುದಿಲ್ಲ. ಆಗ ಎಣಿಕೆ ತಪ್ಪಿದೆಯೋ, ಅಚ್ಚಿನ ದೋಷವೋ ಎಂದು ಎರಡು ನಡೆ ಹಿಂದಕ್ಕೆ ಹೋಗಿ ನೋಡಬೇಕು. ಸ್ಕಿಡ್‌ನಂಥ ಉಚಿತ ತಂತ್ರಾಂಶಕ್ಕೆ, ಒಮ್ಮೆ ಗಣಕದಲ್ಲಿ ಅಳವಡಿಸಿದ ಮೇಲೆ, ಇಂಟರ್‌ನೆಟ್ ಬೇಕಿಲ್ಲ. ಗಾಳಿಮಳೆಗೆ ಸಂಪರ್ಕ ಕಡಿಯುವ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

1858ರಲ್ಲಿ ಪ್ಯಾರಿಸ್‌ನ ಆಪೆರಾ ಮಂದಿರದಲ್ಲಿ ಅಮೆರಿಕದ ಪಾಲ್ ಮಾರ್ಫಿ ಇಬ್ಬರು ಶ್ರೀಮಂತರ ಜೋಡಿಯ ವಿರುದ್ಧ ಆಡಿದ ಆಟವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಎಂಟನೆಯ ನಡೆಯಲ್ಲಿ ಮಾರ್ಫಿಯ ರಾಣಿಗೆ ಬಿ7ರ ಕಾಲಾಳು ಬಿಟ್ಟಿಯಾಗಿ ಸಿಗುತ್ತಿತ್ತು. ಮಾರ್ಫಿ ಅದನ್ನು ಹೊಡೆಯಲಿಲ್ಲ, ಕುದುರೆಯನ್ನು ಸಿ3ಕ್ಕೆ ತಂದರು. ಏಕೆ? ತಂತ್ರಾಂಶದಲ್ಲಿ ಕಾಲಾಳನ್ನು ಹೊಡೆದು ನೋಡಿ. ಕಪ್ಪು ರಾಣಿ ಬಿ4ಕ್ಕೆ ಬಂದು ಚೆಕ್ ಕೊಡುತ್ತದೆ, ರಾಣಿಗಳೆರಡೂ ವಿನಿಮಯವಾಗುತ್ತವೆ. ಬಿಳಿಗೆ ಒಂದು ಕಾಲಾಳು ಲಾಭ ನಿಜ, ಆದರೆ ಆಟ ನಿಧಾನಕ್ಕೆ ಸಾಗುತ್ತದೆ. ಮಾರ್ಫಿ ಕಾಯಿಗಳನ್ನೆಲ್ಲ ಹೊರತಂದು, ಹದಿನಾರನೆಯ ನಡೆಯಲ್ಲಿ ರಾಣಿಯನ್ನೇ ಬಲಿಕೊಟ್ಟು, ಹದಿನೇಳನೆಯದರಲ್ಲಿ ಆನೆಯಿಂದ ಚೆಕ್‌ಮೇಟ್ ಮಾಡಿದರು. ಲಾಭವೆಷ್ಟೆಂದು ಯಂತ್ರ ಅಂಕಿಯಲ್ಲಿ ತೋರಿಸಬಲ್ಲದು. ಆಟಗಾರನ ಉದ್ದೇಶವನ್ನು ವಿವರಿಸುವುದು ಪುಸ್ತಕದ ಟಿಪ್ಪಣಿ.

ಆದ್ದರಿಂದ ಸ್ಟಾಕ್‌ಫಿಶ್‌ನಂಥ ಲೆಕ್ಕಿಗ ತಂತ್ರಾಂಶವನ್ನು ಮೊದಲೇ ಚಾಲೂ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅದು ಲೆಕ್ಕ ಮಾಡುವ ಮುನ್ನವೇ ಗಣಿತ ಪುಸ್ತಕದ ಕೊನೆಯ ಪುಟ ತೆರೆದಂತೆ. ಮುಂದಿನ ನಡೆಯನ್ನು ಕಾಗದದಿಂದ ಮುಚ್ಚಿ, ನೀವಾಗಿದ್ದರೆ ಏನು ಆಡುತ್ತಿದ್ದಿರಿ, ಯಾಕೆ, ಎಂದು ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಿರಿ. ಬಳಿಕ ಪುಸ್ತಕದ ನಡೆ, ಟಿಪ್ಪಣಿ ನೋಡಿ. ಆಟ ಪೂರ್ತಿ ಮುಗಿದ ಮೇಲೆ ಯಂತ್ರವನ್ನು ಕೇಳಿ. ಹಳೆಯ ಟಿಪ್ಪಣಿಕಾರರು ಹೊಗಳಿದ ಕೆಲವು ನಡೆಗಳು ಯಂತ್ರದ ಮುಂದೆ ನಿಲ್ಲುವುದಿಲ್ಲ. ಅಂಥ ಕಡೆ ಎದುರಾಳಿಗೆ ತಪ್ಪಿಹೋದ ಉತ್ತರವನ್ನು ಹುಡುಕುವುದೇ ಒಳ್ಳೆಯ ಅಭ್ಯಾಸ.

ಮುಗಿದ ಆಟವನ್ನು ಪಿಜಿಎನ್ ಕಡತವಾಗಿ ಉಳಿಸಿ. 1990ರ ದಶಕದಲ್ಲಿ ರೂಪುಗೊಂಡ ಈ ಮಾದರಿಯನ್ನು ಬಹುತೇಕ ಎಲ್ಲ ಚದುರಂಗ ತಂತ್ರಾಂಶಗಳೂ ಓದುತ್ತವೆ. ಆಟಗಾರರ ಹೆಸರು, ಊರು, ವರ್ಷಗಳ ಜೊತೆಗೆ ಪುಸ್ತಕದ ಪುಟಸಂಖ್ಯೆಯನ್ನೂ ಸೇರಿಸಿದರೆ, ಆಲೂರಿನ ಗೆಳೆಯರು ಅದೇ ಆಟವನ್ನು ತೆರೆದು ತಮ್ಮ ಉತ್ತರವನ್ನು ನಿಮ್ಮದರ ಪಕ್ಕದಲ್ಲಿಟ್ಟು ವಾದಿಸಬಹುದು.