ಬ್ಯಾಕಪ್ಪಿನ ಗಾತ್ರ: ನಂಬಿಕೆಯೂ ನಿಜಸ್ಥಿತಿಯೂ

ಒಂದು ಊರಿನ ಡೇಟಾಬೇಸಿನ ಬ್ಯಾಕಪ್ಪನ್ನು ಮತ್ತೊಂದು ಊರಿನ ಸರ್ವರಿಗೆ ಪ್ರತಿರಾತ್ರಿಯೂ ತಲುಪಿಸುವ ಹೊಣೆ ಹೊತ್ತವರಿಗೆ ಗಾತ್ರದ ಚಿಂತೆ ತಪ್ಪಿದ್ದಲ್ಲ. 100 ಜಿಬಿಯ ಕಡತವು ಸೆಕೆಂಡಿಗೆ 20 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಯಾವ ವಿಘ್ನವೂ ಇಲ್ಲದೆ ಸಾಗಿದರೂ ಹನ್ನೊಂದು ಗಂಟೆಗೂ ಮಿಕ್ಕಿದ ಕಾಲವನ್ನು ಬೇಡುವುದರಿಂದ, ರಾತ್ರಿ ಹತ್ತಕ್ಕೆ ಹೊರಟದ್ದು ಬೆಳಿಗ್ಗೆ ಕಛೇರಿ ತೆರೆಯುವ ಹೊತ್ತಿಗಷ್ಟೆ ಗುರಿ ಮುಟ್ಟೀತು. ಇಂಥ ಇಕ್ಕಟ್ಟಿನಲ್ಲಿ ಕೈಗೆ ತೋಚಿದ ಉಪಾಯಗಳನ್ನೆಲ್ಲ ಪ್ರಯೋಗಿಸುವುದು ಸಹಜವೇ ಆದರೂ, ಅವುಗಳಲ್ಲಿ ಹಲವು, ಡೇಟಾಬೇಸು ತನ್ನೊಳಗೆ ಏನನ್ನು ಹೇಗೆ ಇರಿಸಿಕೊಂಡಿದೆಯೆಂಬುದರ ಅರಿವಿಲ್ಲದೆ ಬೆಳೆದ ನಂಬಿಕೆಗಳಾದುದರಿಂದ, ಎಸ್‌ಕ್ಯೂಎಲ್ ಸರ್ವರನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಅವನ್ನು ಪರಿಶೀಲಿಸುವುದು ಉಚಿತ.

ಎಲ್ಲಕ್ಕಿಂತ ವ್ಯಾಪಕವಾದ ನಂಬಿಕೆ, ಮೊದಲು ಡೇಟಾಬೇಸನ್ನು ‘ಶ್ರಿಂಕ್’ ಮಾಡಿದರೆ ಬ್ಯಾಕಪ್ಪೂ ಕುಗ್ಗುತ್ತದೆಯೆಂಬುದು. ನಿಜವೇನೆಂದರೆ, ಎಸ್‌ಕ್ಯೂಎಲ್ ಸರ್ವರು ತನ್ನ ಕಡತವನ್ನು 8 ಕೆಬಿಯ ಪೇಜುಗಳಾಗಿಯೂ, ಅಂಥ ಎಂಟು ಪೇಜುಗಳು ಕೂಡಿದ 64 ಕೆಬಿಯ ಎಕ್ಸ್‌ಟೆಂಟುಗಳಾಗಿಯೂ ವಿಭಾಗಿಸಿಕೊಂಡು, ಪೂರ್ಣ ಬ್ಯಾಕಪ್ಪಿನ ವೇಳೆ ಬಳಕೆಯಲ್ಲಿರುವ ಎಕ್ಸ್‌ಟೆಂಟುಗಳನ್ನು ಮಾತ್ರ ನಕಲಿಸುತ್ತದೆ. 500 ಜಿಬಿಯ ಕಡತದಲ್ಲಿ 300 ಜಿಬಿ ತೆರವಾಗಿದ್ದರೆ ಆ ತೆರವು ಬ್ಯಾಕಪ್ಪಿನೊಳಗೆ ಎಂದೂ ಸೇರಿರುವುದೇ ಇಲ್ಲ. ಇಲ್ಲದ ಭಾರವನ್ನು ಇಳಿಸಹೊರಡುವ ಈ ಕಾರ್ಯ ನಿಷ್ಫಲವಷ್ಟೇ ಅಲ್ಲ, ಹಾನಿಕರವೂ ಹೌದು. ಕಡತದ ಕೊನೆಯಲ್ಲಿರುವ ಪೇಜುಗಳನ್ನೆತ್ತಿ ಮುಂಭಾಗದ ತೆರವುಗಳಲ್ಲಿ ತುಂಬುವಾಗ ಇಂಡೆಕ್ಸುಗಳ ಅನುಕ್ರಮ ಚದರಿಹೋಗುತ್ತದೆ. ಅದನ್ನು ಸರಿಪಡಿಸಲು ಇಂಡೆಕ್ಸುಗಳನ್ನು ಮತ್ತೆ ಕಟ್ಟಿದರೆ ಕಡತ ಪುನಃ ಹಿಗ್ಗುವುದಲ್ಲದೆ, ಅಷ್ಟೂ ಎಕ್ಸ್‌ಟೆಂಟುಗಳು ಬದಲಾದುವೆಂದು ಗುರುತಾಗಿ ಮುಂದಿನ ಡಿಫರೆನ್ಷಿಯಲ್ ಬ್ಯಾಕಪ್ಪು ಉಬ್ಬಿಬಿಡುತ್ತದೆ. ಶ್ರಿಂಕಿಗೆ ಇಲ್ಲಿ ಅರ್ಥವಿರುವ ಸಂದರ್ಭ ಒಂದೇ: ರೀಸ್ಟೋರ್ ಮಾಡುವಾಗ ತೆರವನ್ನೂ ಸೇರಿಸಿ ಮೂಲಕಡತದಷ್ಟೇ ಜಾಗ ಬೇಕಾಗುವುದರಿಂದ, ದೂರದ ಸರ್ವರಿನ ಡಿಸ್ಕಿನಲ್ಲಿ ಸ್ಥಳಾಭಾವವಿದ್ದಾಗ.

ಇನ್ನೊಂದು ಭ್ರಾಂತಿ, ಸಂಕೋಚನವನ್ನು ಮೇಲಿಂದ ಮೇಲೆ ನಡೆಸಿದಷ್ಟೂ ಫಲ ಹೆಚ್ಚೆಂಬುದು; ಬ್ಯಾಕಪ್ಪಿನ ವೇಳೆಯೇ ಕಂಪ್ರೆಸ್ ಆದ ಕಡತವನ್ನು ಮತ್ತೆ ಜಿಪ್ ಮಾಡಿ ಕಾಲಹರಣ ಮಾಡುವವರು ಅನೇಕರು. ಮಾಹಿತಿಯ ಲೇಶವೂ ನಷ್ಟವಾಗದಂತೆ ಕುಗ್ಗಿಸುವುದಕ್ಕೆ ದಾಟಲಾಗದ ಮೇರೆಯೊಂದುಂಟೆಂಬುದನ್ನು ಕ್ಲಾಡ್ ಶಾನನ್ 1948ರಲ್ಲಿಯೇ ಗಣಿತದಿಂದ ಸಾಧಿಸಿ ತೋರಿಸಿದರು. ಲೆಂಪೆಲ್ ಮತ್ತು ಜಿವ್ ಅವರು 1977ರಲ್ಲಿ ಪ್ರಕಟಿಸಿದ, ಜಿಪ್ಪಿಗೆ ತಳಹದಿಯಾದ ವಿಧಾನವು, ಹಿಂದೆ ಬಂದ ಅಕ್ಷರಸರಣಿ ಪುನಃ ಬಂದೆಡೆಯಲ್ಲಿ ಅದನ್ನೇ ಬರೆಯದೆ, ಎಷ್ಟು ಹಿಂದಕ್ಕೆ ಹೋಗಿ ಎಷ್ಟು ಅಕ್ಷರಗಳನ್ನು ತೆಗೆದುಕೊಳ್ಳಬೇಕೆಂಬ ಸೂಚನೆಯನ್ನಷ್ಟೆ ಬರೆಯುತ್ತದೆ. ಒಮ್ಮೆ ಪುನರುಕ್ತಿ ಕಳೆದ ಮೇಲೆ ಎರಡನೆಯ ಸಲ ಕಳೆಯಲು ಏನೂ ಉಳಿಯದು. ಡೇಟಾಬೇಸಿನೊಳಗೆ ಇರಿಸಿದ ಜೆಪೆಗ್ ಚಿತ್ರಗಳು ಕುಗ್ಗದಿರುವುದೂ ಇದೇ ಕಾರಣದಿಂದ. ಎನ್‌ಕ್ರಿಪ್ಟ್ ಆದ ದತ್ತಾಂಶವಂತೂ ಯಾವ ಕ್ರಮವೂ ಗೋಚರಿಸದಂತೆ ಉದ್ದೇಶಪೂರ್ವಕವಾಗಿಯೇ ರೂಪಾಂತರಗೊಂಡಿರುವುದರಿಂದ, ಮೊದಲು ಕಂಪ್ರೆಸ್, ಅನಂತರ ಎನ್‌ಕ್ರಿಪ್ಟ್ ಎಂಬ ಕ್ರಮವನ್ನು ಮೀರುವಂತಿಲ್ಲ. ಡೇಟಾಬೇಸೇ ಎಸ್‌ಕ್ಯೂಎಲ್ ಸರ್ವರಿನ ಟಿಡಿಇ ಎಂಬ ಸೌಲಭ್ಯದಿಂದ ಎನ್‌ಕ್ರಿಪ್ಟ್ ಆಗಿದ್ದರೆ ಬ್ಯಾಕಪ್ಪು ಕುಗ್ಗುವುದೇ ಇಲ್ಲವೆಂಬ ಮಾತು ಹಿಂದೆ ಬಹುಮಟ್ಟಿಗೆ ಸತ್ಯವಾಗಿತ್ತು. 2016ರ ಆವೃತ್ತಿಯಿಂದೀಚೆಗೆ, ಮ್ಯಾಕ್ಸ್‌ಟ್ರಾನ್ಸ್‌ಫರ್‌ಸೈಜ್ ಎಂಬ ಮೌಲ್ಯವನ್ನು 64 ಕೆಬಿಗಿಂತ ಹೆಚ್ಚಿಗೆ ಇರಿಸಿದರೆ, ಸರ್ವರು ತಾನೇ ಪೇಜನ್ನು ಬಿಡಿಸಿ, ಕುಗ್ಗಿಸಿ, ಮತ್ತೆ ಎನ್‌ಕ್ರಿಪ್ಟ್ ಮಾಡುತ್ತದೆ.

ಕುಗ್ಗಿದ ಕಡತವೇ ದಾರಿಯಲ್ಲಿಯೂ ಹಗುರವೆಂಬ ನಂಬಿಕೆ ಇದಕ್ಕಿಂತ ಸೂಕ್ಷ್ಮವಾದುದರಿಂದ ಬಲ್ಲವರನ್ನೂ ಮೋಸಗೊಳಿಸುತ್ತದೆ. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮಕೆರಸ್ 1996ರಲ್ಲಿ ಲೋಕಕ್ಕೆ ನೀಡಿದ ಆರ್‌ಸಿಂಕ್, ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸುಂದರವಾದ ಕಲ್ಪನೆಗಳಲ್ಲೊಂದು: ದೂರದ ಯಂತ್ರವು ತನ್ನಲ್ಲಿರುವ ನಿನ್ನೆಯ ಕಡತವನ್ನು ತುಂಡುಗಳಾಗಿ ವಿಭಾಗಿಸಿ ಪ್ರತಿಯೊಂದರ ಚೆಕ್‌ಸಮ್ಮನ್ನು ಕಳುಹಿಸುತ್ತದೆ, ಇತ್ತಲಿನ ಯಂತ್ರವು ಇಂದಿನ ಕಡತದಲ್ಲಿ ಆ ತುಂಡುಗಳು ಯಾವ ಸ್ಥಾನಕ್ಕೆ ಸರಿದಿದ್ದರೂ ಗುರುತಿಸಿ, ಅಲ್ಲಿ ಇಲ್ಲದುದನ್ನು ಮಾತ್ರ ರವಾನಿಸುತ್ತದೆ. ಆದರೆ ಕಂಪ್ರೆಸ್ ಆದ ಕಡತದಲ್ಲಿ ಆರಂಭದ ಒಂದು ಬೈಟು ಬದಲಾದರೂ ಅದರ ಮುಂದಿನ ಪ್ರವಾಹವೆಲ್ಲ ಬೇರೆಯಾಗುವ ಸಂಭವವಿರುವುದರಿಂದ ಹೋಲಿಕೆ ಸಿಗದೆ, ಬಹುತೇಕ ಸಮಗ್ರ ಕಡತವೇ ಪುನಃ ಸಾಗಬೇಕಾಗುತ್ತದೆ. ದಿನದಿಂದ ದಿನಕ್ಕೆ ಸ್ವಲ್ಪವೇ ಬದಲಾಗುವ ಡೇಟಾಬೇಸಿನಲ್ಲಿ ಕಂಪ್ರೆಸ್ ಮಾಡದ ದೊಡ್ಡ ಕಡತವನ್ನೇ ಆರ್‌ಸಿಂಕಿಗೆ ಒಪ್ಪಿಸಿ, ಸಾಗುವ ತುಣುಕುಗಳನ್ನಷ್ಟೆ ದಾರಿಯಲ್ಲಿ ಕುಗ್ಗಿಸುವುದು ಅನೇಕ ವೇಳೆ ಲಾಭಕರ. ಡಿಸ್ಕಿನ ಅಭಾವದಿಂದ ಕುಗ್ಗಿಸಲೇಬೇಕಾದವರಿಗೆ ಜಿಜಿಪ್ಪಿನ ‘ಆರ್‌ಸಿಂಕಬಲ್’ ಎಂಬ ಆಯ್ಕೆಯುಂಟು.

ಡಿಫರೆನ್ಷಿಯಲ್ ಬ್ಯಾಕಪ್ಪು ಸದಾ ಚಿಕ್ಕದೆಂಬ ಮಾತೂ ಅರ್ಧಸತ್ಯ. ಅದು ನಿನ್ನೆಯಿಂದ ಆದ ಬದಲಾವಣೆಯನ್ನಲ್ಲ, ಕಳೆದ ಪೂರ್ಣ ಬ್ಯಾಕಪ್ಪಿನಿಂದ ಇತ್ತೀಚಿನ ಬದಲಾವಣೆಯನ್ನೆಲ್ಲ ಹೊತ್ತಿರುವುದರಿಂದ ದಿನೇ ದಿನೇ ಬೆಳೆಯುತ್ತದೆ. ಒಂದು ಎಕ್ಸ್‌ಟೆಂಟಿನಲ್ಲಿ ಒಂದೇ ಸಾಲು ಬದಲಾದರೂ 64 ಕೆಬಿಯೂ ಸೇರುತ್ತದೆ.

ಪೋಸ್ಟ್‌ಗ್ರೆಸ್ ಬಳಸುವವರಲ್ಲಿ, ಪಿಜಿ-ಡಂಪಿನ ಕಡತ ಚಿಕ್ಕದಾದುದರಿಂದ ಅದೇ ಶ್ರೇಷ್ಠ ಮಾರ್ಗವೆಂಬ ಅಭಿಪ್ರಾಯವುಂಟು. ಅದು ಚಿಕ್ಕದಾಗಿರಲು ಒಂದು ಮುಖ್ಯ ಕಾರಣವೆಂದರೆ ಇಂಡೆಕ್ಸುಗಳ ದತ್ತಾಂಶ ಅದರಲ್ಲಿ ಇಲ್ಲವೇ ಇಲ್ಲ. ಅವನ್ನು ಕಟ್ಟಬೇಕೆಂಬ ಆಜ್ಞೆಗಳಷ್ಟೆ ಇರುತ್ತವೆ, ಆ ಶ್ರಮವೆಲ್ಲ ದೂರದ ಸರ್ವರಿನ ಪಾಲಿಗೆ ಬೀಳುತ್ತದೆ. ದೊಡ್ಡ ಟೇಬಲುಗಳಿದ್ದಲ್ಲಿ ಈ ಪುನರ್ನಿರ್ಮಾಣವು ಸಾಗಣೆಯಲ್ಲಿ ಉಳಿಸಿದ ಗಂಟೆಗಳನ್ನು ನುಂಗಿಹಾಕಬಲ್ಲುದು. ಡಂಪನ್ನು ಕಸ್ಟಮ್ ಅಥವಾ ಡೈರೆಕ್ಟರಿ ರೂಪದಲ್ಲಿ ತೆಗೆದಿದ್ದರೆ, ಪಿಜಿ-ರೀಸ್ಟೋರಿಗೆ ಹಲವು ಕೆಲಸಗಳನ್ನು ಏಕಕಾಲದಲ್ಲಿ ನಡೆಸುವಂತೆ ಸೂಚಿಸಿ ಆ ಅವಧಿಯನ್ನು ತಗ್ಗಿಸಬಹುದು.